ಹಾಡಿನ ನಡುವೆ ನಿಂತವಳಿಗೆ

ಪ್ರೀತಿಯ ಗಿರಗಿಟ್ಲೆ,

ನಿನ್ನೆಯಿಂದ ನೀನು ಫೋನ್ ಎತ್ತುತ್ತಿಲ್ಲ. ಹೋಟೆಲ್ ಕೋಣೆಯಿಂದ ಊಟಕ್ಕೂ ಇಳಿದು ಬಂದಿಲ್ಲವಂತೆ. ಅಮ್ಮ ಕರೆ ಮಾಡಿ ಮಾಡಿ ಸೋತಿದ್ದಾಳೆ. ಅದಕ್ಕೇ ಬರೆದು ಕಳಿಸುತ್ತಿದ್ದೇನೆ. ಓದುವಾಗಲಾದರೂ ನೀನು ಅಕ್ಕನ ಮಾತಿಗೆ ಅಡ್ಡ ಬಾಯಿ ಹಾಕಲಾರೆ.

ನಿಮ್ಮ ನೃತ್ಯ ಸ್ಪರ್ಧೆಯ ಫೈನಲ್ ಅನ್ನು ಮನೆಯಲ್ಲಿ ಎಲ್ಲರೂ ಕೂತು ನೋಡಿದೆವು. ಎದೆಯ ಮೇಲೆ ದೇಶದ ಬಾವುಟ ಹೊಲಿದ ಉಡುಪಿನಲ್ಲಿ ನೀನು ವೇದಿಕೆಗೆ ಬಂದಾಗ ಅಪ್ಪ ಚಹಾ ಕುಡಿಯುವುದನ್ನೇ ಮರೆತರು. ನಿಮ್ಮ ತಂಡದ ಎಲ್ಲರಿಗಿಂತ ಚಿಕ್ಕವಳು, ನೀವು ಗುಬ್ಬಿ ಎಂದು ಕರೆಯುವ ಹುಡುಗಿ, ನೆಗೆದು ಇಳಿಯುವಾಗ ಅವಳ ಪಾದ ಹೊರಳಿದ್ದು ನನಗೂ ಕಂಡಿತು. ಅವಳು ನಗುತ್ತಲೇ ಕುಣಿದಳು. ನಮಗೆ ಕಲಿಸಿರುವುದೇ ಅದನ್ನಲ್ಲವೇ? ಪ್ರಾಣ ಹೋದರೂ ಹಲ್ಲು ಕಾಣಬೇಕು. ಕೊನೆಯಲ್ಲಿ ನೀನು ಅವಳನ್ನು ಮೇಲಕ್ಕೆ ಎಸೆದು ಬಿಡಬೇಕಿತ್ತು, ಅವಳು ಸುತ್ತು ಹೊಡೆದು ಒಂಟಿ ಕಾಲಲ್ಲಿ ಇಳಿಯಬೇಕಿತ್ತು. ನೀನು ಎಸೆಯಲಿಲ್ಲ. ಎದೆಗವಚಿಕೊಂಡು ನಿಂತುಬಿಟ್ಟೆ. ಹಾಡು ತನ್ನ ಪಾಡಿಗೆ ಮುಂದೆ ಹೋಯಿತು, ಉಳಿದವರು ದಿಕ್ಕು ತೋಚದೆ ಒಬ್ಬರ ಮುಖ ಒಬ್ಬರು ನೋಡಿದರು. ನೀನು ಅವಳನ್ನು ಎತ್ತಿಕೊಂಡು ಹೊರಗೆ ನಡೆದೆ.

ಆಮೇಲೆ ಕೋಚ್ ಮೇಡಂ ಕ್ಯಾಮೆರಾ ಮುಂದೆ ಹೇಳಿದರು: "ಕೈಗೆ ಬಂದ ಪದಕ ಅದು. ಒಬ್ಬಳು ದೊಡ್ಡತನ ತೋರಿಸೋಕೆ ಹೋಗಿ ದೇಶದ ಮಾನ ಕಳೆದ್ಲು." ಈಗ ಪಕ್ಕದ ಮನೆಯವರು ನಮ್ಮನ್ನು ಕಂಡರೆ ಮಾತು ನಿಲ್ಲಿಸುತ್ತಾರೆ. ಅಪ್ಪ ಟೀವಿಯ ವೈರನ್ನೇ ಕಿತ್ತಿಟ್ಟಿದ್ದಾರೆ.

ಗುಬ್ಬಿಯ ಅಮ್ಮ ಫೋನ್ ಮಾಡಿದ್ದರು. ಪಾದದ ಮೂಳೆ ಬಿರುಕು ಬಿಟ್ಟಿದೆಯಂತೆ, ಇನ್ನೊಮ್ಮೆ ನೆಗೆದಿದ್ದರೆ ಮುರಿಯುತ್ತಿತ್ತಂತೆ. ಆದರೂ ಗುಬ್ಬಿ ನಿನ್ನ ಮುಖ ನೋಡಲೊಲ್ಲಳಂತೆ, ಕೇಳುತ್ತಾಳಂತೆ: "ನಿಲ್ಸು ಅಂತ ಅಕ್ಕಂಗೆ ಯಾರು ಹೇಳಿದ್ರು? ನಾನು ಮಾಡ್ತಿದ್ದೆ." ಮೇಡಂ ಅಂದದ್ದಕ್ಕಿಂತ ಈ ಮಾತೇ ನಿನ್ನನ್ನು ಕೊರೆಯುತ್ತಿದೆ, ಬಲ್ಲೆ.

ನಾನೂ ತಂಡದಲ್ಲಿ ಕುಣಿಯುತ್ತಿದ್ದಾಗ, ನನ್ನ ಮಂಡಿಯೊಳಗೆ ಏನೋ ಕಳಚಿದ ದಿನ, ಏನಾಯಿತು ಎಂದು ಯಾರೂ ಕೇಳಲಿಲ್ಲ. ಕುಣಿದೆ, ಗೆದ್ದೆವು. ಇವತ್ತು ಮೆಟ್ಟಿಲು ಹತ್ತಲು ಕಂಬಿ ಹಿಡಿಯುತ್ತೇನೆ. ಅಂದು ಯಾರಾದರೂ ತಡೆದಿದ್ದರೆ ವರ್ಷಗಟ್ಟಲೆ ಅವರನ್ನು ಶಪಿಸುತ್ತಿದ್ದೆ. ಆದರೆ ಇವತ್ತಿಗೂ ಕುಣಿಯುತ್ತಲೇ ಶಪಿಸುತ್ತಿದ್ದೆ.

ಎಲ್ಲರೆದುರು ಕ್ಷಮೆ ಕೇಳಬೇಕು, ಇಲ್ಲವಾದರೆ ತಂಡದಿಂದ ಹೊರಗೆ ಎಂದು ಮೇಡಂ ಹೇಳಿದ್ದಾರಲ್ಲ? ಕುಣಿತ ಬಿಟ್ಟರೆ ನಿನಗೆ ಬೇರೆ ಬದುಕೇ ಗೊತ್ತಿಲ್ಲ. ಕೇಳು ಎನ್ನಲಾರೆ, ಕೇಳಬೇಡ ಎನ್ನಲೂ ಬಾಯಿ ಬರುತ್ತಿಲ್ಲ. ಪದಕ ತಪ್ಪಿದ್ದಕ್ಕೆ ಬೇಕಾದರೆ ಕೇಳಿಕೋ. ಆ ಮಗುವನ್ನು ಎತ್ತಿಕೊಂಡದ್ದು ತಪ್ಪು ಎಂದು ಮಾತ್ರ ನಿನ್ನ ಬಾಯಿಂದ ಬಾರದಿರಲಿ.

ಇವತ್ತು ಬೆಳಿಗ್ಗೆ ಅಪ್ಪ ಶೂ ಉಜ್ಜುತ್ತಾ ಕೇಳಿದರು: "ಅವಳ ವಿಮಾನ ಎಷ್ಟೊತ್ತಿಗೆ? ಪೇಪರ್‌ನವರು ಮುತ್ಕೋತಾರೆ. ನಾನು ಮುಂದೆ ನಡೀತೀನಿ, ಅವಳು ನನ್ನ ಹಿಂದೆ ಬರ್ಲಿ."

ನಿನ್ನ ಹೊಟ್ಟೆ ತಣ್ಣಗಿರಲಿ, ತಾಯಿ.

ದಾರಿ ಕಾಯುತ್ತಿರುವ,
ನಿನ್ನ ಅಕ್ಕ