ಎರಡನೆಯ ಪ್ರತಿ

೨೨ ಏಪ್ರಿಲ್ ೨೦೨೧, ಗುರುವಾರ. ಮಧ್ಯಾಹ್ನ ೩.೪೦

ಆನ್‌ಲೈನ್ ತರಗತಿ ನಡೆಯುತ್ತಿತ್ತು. ಕ್ಯಾಮೆರಾ ಆಫ್ ಮಾಡಿ ಕೆಳಗಿನ ಅಂಗಡಿಗೆ ಇಳಿದೆ. ಮಾರ್ಕೆಟ್ ರಸ್ತೆಯಲ್ಲಿ ಪೊಲೀಸ್ ಜೀಪಿನ ಮೈಕು – ಅಗತ್ಯ ವಸ್ತುಗಳ ಅಂಗಡಿ ಬಿಟ್ಟು ಉಳಿದವನ್ನು ಈಗಲೇ ಮುಚ್ಚಬೇಕು. ಬೆಳಿಗ್ಗೆ ತೆರೆಯುವಾಗ ಯಾರೂ ಹೀಗೆ ಹೇಳಿರಲಿಲ್ಲ.

ಅಪ್ಪ ಒಬ್ಬ ಹೆಂಗಸಿಗೆ ಬಳೆ ತೊಡಿಸುತ್ತಿದ್ದರು. ಎಡಗೈ ಮುಗಿದಿತ್ತು. ಬಲಗೈ ಬರಿದು.

"ಒಂದ್ ಕೈಗೆ ಹಾಕಿ ಇನ್ನೊಂದ್ ಕೈ ಬಿಟ್ಟು ಕಳ್ಸೋದುಂಟಾ ಸಾರ್? ಎರಡೇ ನಿಮಿಷ."

"ಬಳೆ ಎಸೆನ್ಷಿಯಲ್ಲಾ ರೀ?" ಎಂದ ಕಾನ್‌ಸ್ಟೆಬಲ್.

"ನಿಮ್ಮನೆಯವ್ರನ್ನೇ ಒಂದ್ ಮಾತು ಕೇಳಿ ಸಾರ್."

ಮಾಸ್ಕಿನೊಳಗೆ ನಕ್ಕಿರಬೇಕು. ಆದರೂ ಲಾಠಿಯಿಂದ ಶಟರಿಗೆ ಎರಡು ಬಡಿದ. ಅಪ್ಪ ಶಟರನ್ನು ಅರ್ಧ ಇಳಿಸಿ, ಒಳಗೆ ಆ ಬಲಗೈ ಮುಗಿಸಿಯೇ ಕಳುಹಿಸಿದರು.

ಎದುರಿನ ದಿನಸಿ ಅಂಗಡಿ ತೆರೆದಿದೆ. ಅಲ್ಲಿ ಹೇರ್‌ಬ್ಯಾಂಡೂ ಸಿಗುತ್ತದೆ, ನೇಲ್ ಪಾಲಿಷೂ ಸಿಗುತ್ತದೆ. ಅಲ್ಲಿದ್ದರೆ ಅಗತ್ಯ, ನಮ್ಮ ಫ್ಯಾನ್ಸಿ ಸ್ಟೋರಿನಲ್ಲಿದ್ದರೆ ಅಲ್ಲ.

೨೪ ಏಪ್ರಿಲ್, ಶನಿವಾರ

ಪಕ್ಕದ ಚಪ್ಪಲಿ ಅಂಗಡಿಯ ಖುರ್ಷೀದ್ ಚಾಚಾ ಮೆಟ್ಟಿಲ ಬಳಿ ನಿಂತೇ ಕೂಗಿದರು.

"ಹಂಸಾ ಬೇಟಿ, ಅಂಗಡಿ ತೆಗೆಯೋಕೆ ಬಿಡಿ ಅಂತ ಡಿ.ಸಿ. ಆಫೀಸಿಗೊಂದು ಮನವಿ ನೀನೇ ಬರ್ಕೊಡು. ನಾವ್ ಬರ್ದಿದ್ದನ್ನ ಅವ್ರು ಬಜ್ಜಿ ಕಟ್ಟೋಕೂ ಇಸ್ಕೊಳಲ್ಲ."

"ನಮ್ ಹುಡ್ಗಿ ಬರೆದ್ರೆ ಜಡ್ಜೇ ಎದ್ ನಿಲ್ಬೇಕು," ಎಂದರು ಅಪ್ಪ. ಅವರು ಈ ಸಾಲಿನ ವರ್ತಕರ ಸಂಘದ ಅಧ್ಯಕ್ಷರು. ನಾನು ಐದು ವರ್ಷದ ಕಾನೂನು ಪದವಿಯ ಕೊನೆಯ ವರ್ಷ. ನಾಲ್ಕು ವರ್ಷವೂ ತರಗತಿಗೆ ಮೊದಲು.

ಕಳೆದ ತಿಂಗಳ ಅಣಕು ನ್ಯಾಯಾಲಯದಲ್ಲಿ ಸರ್ಕಾರದ ಪರ ನಿಂತು, ಸಾಂಕ್ರಾಮಿಕ ಕಾಲದಲ್ಲಿ ಅನಗತ್ಯ ಅಂಗಡಿಗಳನ್ನು ಮುಚ್ಚುವುದು ನ್ಯಾಯಸಮ್ಮತವೆಂದು ವಾದಿಸಿದ್ದೆ. ಪ್ರಥಮ ಬಹುಮಾನ. ಇಂದು ಅದಕ್ಕೆ ವಿರುದ್ಧವಾಗಿ ನಾಲ್ಕು ಪುಟ ಬರೆದೆ – ದಿನಕ್ಕೆ ಮೂರು ಗಂಟೆ, ಒಮ್ಮೆಗೆ ಇಬ್ಬರೇ ಗಿರಾಕಿಗಳು, ಒಂದು ದಿನ ಬೀದಿಯ ಈ ಬದಿಯ ಅಂಗಡಿಗಳು, ಮರುದಿನ ಆ ಬದಿಯವು. ಎರಡು ಪಕ್ಷಗಳಲ್ಲೂ ವಾದ ಗಟ್ಟಿಯಾಗಿಯೇ ಇದೆ. ಅದರ ಬಗ್ಗೆ ಸಂತೋಷಪಟ್ಟೆ. ಹಾಗೆ ಬರೆದಿಡಬೇಕು.

೨೭ ಏಪ್ರಿಲ್, ಮಂಗಳವಾರ

ಇಂದು ರಾತ್ರಿಯಿಂದ ಪೂರ್ತಿ ಬಂದ್. ಬೆಳಿಗ್ಗೆ ಆರರಿಂದ ಹತ್ತು ಮಾತ್ರ ದಿನಸಿ, ಹಾಲು, ತರಕಾರಿ.

ಅಪ್ಪ ಮತ್ತು ಚಾಚಾ ಎರಡು ದಿನ ತಿರುಗಿ ಮೂವತ್ತೆಂಟು ಸಹಿ ತಂದರು. ಅಂಗಡಿಗಳು ಮುಚ್ಚಿದ್ದರಿಂದ ಮನೆಮನೆಗೆ ಹೋಗಬೇಕಾಯಿತು. ಬಾಗಿಲಲ್ಲೇ ಸಹಿ ಹಾಕಿಸಿಕೊಂಡು ಬನ್ನಿ ಎಂದು ನಾನು ಹೇಳಿದ್ದೆ. ಅಪ್ಪ ಒಪ್ಪಲಿಲ್ಲ.

"ಹೊಸ್ತಿಲ ಮೇಲೆ ಕೊಡೋದು ಇಸ್ಕೊಳೋದು ಮಾಡ್ಬಾರ್ದು ಕಣಮ್ಮ. ಒಳ್ಳೇ ಕೆಲ್ಸಕ್ಕೆ ಅಂತ ಹೊರಟಿರೋದು."

ಹೀಗಾಗಿ ಮೂವತ್ತೆಂಟು ಮನೆಗಳಲ್ಲೂ ಒಳಗೆ ಹೋದರು, ಕುಳಿತರು, ಕೊಟ್ಟಲ್ಲಿ ಕಾಫಿ ಕುಡಿದರು. ಓದಲು ಬಾರದವರಿಗೆ ಮಾಸ್ಕ್ ಇಳಿಸಿ ನಾಲ್ಕು ಪುಟವನ್ನೂ ಓದಿ ಹೇಳಿದರು. ಮೂರನೆಯ ಪುಟದ ಮೇಲೆ ಲೋಟದ ಉಂಗುರ ಮೂಡಿದೆ.

೨೯ ಏಪ್ರಿಲ್, ಗುರುವಾರ

ಸಲ್ಲಿಸುವ ಮುನ್ನ ಕೊನೆಯ ಬಾರಿ ಓದಿದೆ. ಮೊದಲ ಪುಟದಲ್ಲೇ ತಪ್ಪು. ಸರ್ಕಾರಿ ಆದೇಶದ ದಿನಾಂಕವನ್ನು ಒಂದು ದಿನ ಹಿಂದಕ್ಕೆ ಬರೆದಿದ್ದೇನೆ. ನಾನು.

ಪೆನ್ನಿನಿಂದ ತಿದ್ದಿದರೆ ಸಾಕಿತ್ತು. ಪಕ್ಕದಲ್ಲಿ ಅಪ್ಪನ ಒಂದು ಚಿಕ್ಕ ಸಹಿ. ಆದರೆ ತಿದ್ದಿದ ಪುಟ, ಸಾಲದ್ದಕ್ಕೆ ಮೂರನೆಯದರ ಮೇಲೆ ಕಾಫಿಯ ಕಲೆ… ನನ್ನ ಬರವಣಿಗೆ ಆ ಸ್ಥಿತಿಯಲ್ಲಿ ಒಬ್ಬ ಅಧಿಕಾರಿಯ ಮೇಜಿಗೆ ಹೋಗುವುದನ್ನು ಊಹಿಸಲಾಗಲಿಲ್ಲ. ಎಲ್ಲವನ್ನೂ ಮತ್ತೆ ಪ್ರಿಂಟ್ ತೆಗೆದೆ. ಸಹಿ ಪ್ರತಿ ಪುಟದಲ್ಲೂ ಇದ್ದುದರಿಂದ ಮೂವತ್ತೆಂಟನ್ನೂ ಹೊಸದಾಗಿ ಹಾಕಿಸಬೇಕು.

"ಅಷ್ಟೆಲ್ಲ ಯಾರ್ ನೋಡ್ತಾರೆ, ಬಿಡಮ್ಮ," ಎಂದರು ಅಪ್ಪ.

"ನೋಡೋರು ನೋಡ್ತಾರಪ್ಪ. ಅಲ್ಲೇ ತಪ್ಪು ಹಿಡೀತಾರೆ."

ಒಂದು ಕ್ಷಣ ನನ್ನ ಮುಖ ನೋಡಿದರು. "ಸರಿ, ಕೊಡು. ಲಾಯರಮ್ಮ ಹೇಳಿದ್ಮೇಲೆ ಮುಗೀತು."

ಅಮ್ಮ ತಾರಸಿಯಲ್ಲಿ ಸಂಡಿಗೆ ಹಾಕುತ್ತಿದ್ದಳು. ಕೆಳಗಿಳಿದು, ಮತ್ತೆ ಎಲ್ಲಿಗೆ ಎಂದು ಕೇಳಿದಳು. "ಖುರ್ಷೀದು ಕರೀತಾವ್ನೆ. ಒಂದಷ್ಟು ಸೈನ್ ಬಾಕಿ ಅಂತೆ," ಎಂದುಬಿಟ್ಟರು ಅಪ್ಪ. ನಾನು ಸ್ಟೇಪ್ಲರ್ ಹುಡುಕುತ್ತಿದ್ದೆ.

೧ ಮೇ, ಶನಿವಾರ

ಎರಡನೆಯ ಪ್ರತಿ ಸಿದ್ಧವಾಗಿದೆ. ಮೂವತ್ತೆಂಟೂ ಸಹಿ. ಒಂದು ಕಲೆಯಿಲ್ಲ.

ಎರಡು ಮನೆಗಳಲ್ಲಿ ಒಳಗೆ ಯಾರೋ ಕೆಮ್ಮುತ್ತಿದ್ದರಂತೆ. "ಕಾಫಿ ಬೇಡ ಅಂದ್ಬಿಟ್ಟೆ," ಎಂದರು ಅಪ್ಪ, ಜಾಣತನ ಮಾಡಿದವರಂತೆ.

೪ ಮೇ, ಮಂಗಳವಾರ. ಬೆಳಿಗ್ಗೆ

ಆಫೀಸಿನಲ್ಲಿ ಸಾರ್ವಜನಿಕರಿಗೆ ಪ್ರವೇಶವಿಲ್ಲ. ಮುಂದಿನ ವಾರ ಕೊಡಬೇಕು.

ಅಪ್ಪ ಕಾಫಿ ಲೋಟವನ್ನು ಮೂಗಿನ ಬಳಿ ಹಿಡಿದು ಬಹಳ ಹೊತ್ತು ಕುಳಿತಿದ್ದರು. "ಗಂಗಾ, ಡಿಕಾಕ್ಷನ್ ನಿನ್ನೇದಾ? ಘಮವೇ ಇಲ್ಲ."

"ಈಗ್ ತಾನೇ ಇಳ್ಸಿದ್ದು ಕಣ್ರೀ," ಎಂದಳು ಅಮ್ಮ.

೭ ಮೇ

ಆಕ್ಸಿಮೀಟರ್ ೯೧. ಸಂಜೆ ೮೮.

ಹಾಸಿಗೆಗಾಗಿ ನಲವತ್ತು ನಂಬರುಗಳಿಗೆ ಫೋನ್. ಕೊನೆಗೆ ಕೆ.ಆರ್. ಪುರದ ಕಡೆ ಒಂದು ಸಿಕ್ಕಿತು. ಆಂಬುಲೆನ್ಸ್ ಹತ್ತುವಾಗ ಅಪ್ಪ ಮಾಸ್ಕ್ ಸರಿಸಿ ನನಗೇನೋ ಹೇಳಿದರು. ಸೈರನ್ನಿನಲ್ಲಿ ಕೇಳಿಸಲಿಲ್ಲ. ತಲೆಯಾಡಿಸಿದೆ.

೧೯ ಮೇ

ಹನ್ನೆರಡನೆಯ ತಾರೀಖು. ಬೆಳಿಗ್ಗೆ.

ನಾನೊಬ್ಬಳೇ ಹೋದೆ. ಅಮ್ಮನಿಗೂ ಪಾಸಿಟಿವ್ ಬಂದಿತ್ತು. ಚಿತಾಗಾರದ ಸರದಿಯಲ್ಲಿ ನಮ್ಮದು ಹದಿನೇಳನೆಯ ಗಾಡಿ. ಒಂದು ಫಾರಂ ಕೊಟ್ಟರು. ಎಲ್ಲ ಅಂಕಣಗಳನ್ನೂ ಸ್ಪಷ್ಟವಾಗಿ ತುಂಬಿದೆ. ಕೌಂಟರಿನಾತ "ಇಷ್ಟು ನೀಟಾಗಿ ಯಾರೂ ಬರ್ಯಲ್ಲಮ್ಮ" ಎಂದ.

ಅಳು ಬರಲಿಲ್ಲ. ಈಗಲೂ ಬಂದಿಲ್ಲ.

೨೦ ಮೇ

ಕಡತದಲ್ಲಿ ಎರಡು ಪ್ರತಿಗಳೂ ಇವೆ. ಪಕ್ಕಪಕ್ಕ ಇಟ್ಟು ನೋಡಿದೆ. ದಿನಾಂಕದ ಹೊರತು ಬೇರೇನೂ ಬದಲಾಗಿಲ್ಲ.

ಸೋಂಕು ಮೊದಲ ಸುತ್ತಿನಲ್ಲೇ ತಗುಲಿರಬಹುದು. ಹಾಲಿನ ಸಾಲಿನಲ್ಲಿ ತಗುಲಿರಬಹುದು. ನ್ಯಾಯಾಲಯದಲ್ಲಾದರೆ ಇದು ಸಾಬೀತಾಗದು. ಸಂಶಯದ ಲಾಭ ಆರೋಪಿಗೆ. ಈ ವಾದವನ್ನೂ ನಾನು ಚೆನ್ನಾಗಿಯೇ ಮಾಡಬಲ್ಲೆ.

೨೬ ಮೇ, ಬುಧವಾರ

ಅಮ್ಮ ಎದ್ದು ಓಡಾಡುತ್ತಿದ್ದಾಳೆ. ಖುರ್ಷೀದ್ ಚಾಚಾ ಬಂದರು. ಅವರೂ ಹದಿನೈದು ದಿನ ಮಲಗಿ ಎದ್ದವರು. ಬೆಲ್ಟು ಸೊಂಟದಲ್ಲಿ ನಿಲ್ಲುತ್ತಿಲ್ಲ. ಕೈಯಲ್ಲಿ ಒಂದು ಚೀಲ ಮೂಸಂಬಿ.

ಅಮ್ಮ ಬಾಗಿಲಿಗೆ ಅಡ್ಡ ನಿಂತಳು.

"ಯಾಕ್ ಬಂದ್ರಿ? ಇನ್ಯಾರ್ ಉಳ್ದವ್ರೆ ಕರ್ಕೊಂಡ್ ಹೋಗಕ್ಕೆ?"

"ಅಕ್ಕಾ…"

"ಒಂದ್ ಸಲ ಹೋಗಿ ಬಂದಿದ್ರು. ಸುಮ್ನೆ ಮನೇಲಿದ್ರು. ನೀವ್ ಕರ್ದ್ರಿ ಅಂತ ಮತ್ತೆ ಎದ್ದು ಹೋದ್ರು. ನಿಮ್ ಚಪ್ಪಲಿ ಮಾರಾಟ ಆಗ್ಬೇಕಿತ್ತಲ್ಲ."

ಚಾಚಾಗೆ ಗೊತ್ತಿದೆ. ಎರಡನೆಯ ಸುತ್ತಿಗೂ ಅಪ್ಪನ ಜೊತೆ ಹೋದವರು. ಎರಡನೆಯ ಪ್ರತಿ ಯಾಕೆ ಬಂತೆಂದು ದಾರಿಯಲ್ಲಿ ಅಪ್ಪ ಹೇಳಿಯೇ ಇರುತ್ತಾರೆ, ಹೆಮ್ಮೆಯಿಂದ. ಅಮ್ಮನ ಹಿಂದೆ ನಾನು ನಿಂತಿದ್ದೆ. ಚಾಚಾ ನನ್ನ ಕಡೆ ನೋಡಲೇ ಇಲ್ಲ. ನೋಡಬಾರದೆಂದು ನಿರ್ಧರಿಸಿ ಬಂದವರಂತೆ.

"ಹೌದಕ್ಕಾ. ನಂದೇ ತಪ್ಪು," ಎಂದರು. ಹಣ್ಣಿನ ಚೀಲವನ್ನು ಮೆಟ್ಟಿಲ ಮೇಲಿಟ್ಟು ಇಳಿದು ಹೋದರು.

ನಾನು ಬಾಯಿ ತೆರೆಯಲಿಲ್ಲ. ತೆರೆಯಬಹುದಾದ ಸಮಯ ಸಾಕಷ್ಟಿತ್ತು. ಅವರು ನಿಧಾನವಾಗಿ, ಕಂಬಿ ಹಿಡಿದುಕೊಂಡು ಇಳಿದರು.

೯ ಜೂನ್

ಸೆಮಿಸ್ಟರ್ ಅಂಕಗಳು ಬಂದವು. ಮೊದಲ ಸ್ಥಾನ. ಗ್ರೂಪಿನಲ್ಲಿ ಅರವತ್ತು ಸಂದೇಶ. ಫೋನನ್ನು ಮಗುಚಿಟ್ಟೆ.

ಅಮ್ಮ ಚಾಚಾನ ವಿಷಯವನ್ನು ದೊಡ್ಡಮ್ಮನಿಗೂ ಹೇಳಿದ್ದಾಳೆ, ಹಾಲಿನವನಿಗೂ ಹೇಳಿದ್ದಾಳೆ. ಹೇಳುವಾಗೆಲ್ಲ ಆ ಮಾತು ಸ್ವಲ್ಪ ಸ್ವಲ್ಪವೇ ಗಟ್ಟಿಯಾಗುತ್ತಿದೆ. ಪಕ್ಕದ ಕೋಣೆಯಲ್ಲಿ ಕುಳಿತು ಕೇಳುತ್ತೇನೆ. ಏನೂ ಅನಿಸುವುದಿಲ್ಲ. ಅನಿಸಬೇಕಿತ್ತು ಎಂಬುದು ಮಾತ್ರ ತಿಳಿಯುತ್ತದೆ.

೨೦ ಜೂನ್, ಭಾನುವಾರ

ನಾಳೆಯಿಂದ ಎಲ್ಲ ಅಂಗಡಿಗಳಿಗೂ ಅನುಮತಿ, ಸಂಜೆ ಐದರವರೆಗೆ. ಯಾರೂ ಮನವಿ ಕೊಡಲಿಲ್ಲ. ನಮ್ಮದು ಕಡತದಲ್ಲೇ ಇದೆ. ಮೂವತ್ತೆಂಟರಲ್ಲಿ ನಾಲ್ವರು ಈಗಿಲ್ಲ.

"ತೆಗೀಬೇಕು," ಎಂದಳು ಅಮ್ಮ. ತೆರೆಯಬೇಕೋ ಬೇಡವೋ ಎಂದು ನನ್ನನ್ನು ಕೇಳಲಿಲ್ಲ. ಕೇಳಿದ್ದರೂ ನನ್ನ ಬಳಿ ಉತ್ತರವಿರಲಿಲ್ಲ. ಮೊದಲು ಎರಡು ಉತ್ತರಗಳಿದ್ದವು.

೨೧ ಜೂನ್, ಸೋಮವಾರ. ಬೆಳಿಗ್ಗೆ ೧೧.೨೦

ಎರಡು ತಿಂಗಳು ಮುಚ್ಚಿದ್ದ ಶಟರ್ ಮೊಣಕಾಲಿನೆತ್ತರಕ್ಕೆ ಬಂದು ನಿಂತಿತು. ಅಮ್ಮ, ನಾನು ಇಬ್ಬರೂ ಹಿಡಿದೆತ್ತಿದರೂ ಮೇಲೇರಲಿಲ್ಲ. ಚಾಚಾ ತಮ್ಮ ಅಂಗಡಿಯಿಂದ ಎಣ್ಣೆಯ ಡಬ್ಬಿ ತಂದರು.

"ನೀವ್ ಮುಟ್ಬೇಡಿ," ಎಂದಳು ಅಮ್ಮ, ಬೀದಿಗೆಲ್ಲ ಕೇಳುವಂತೆ. "ಒಂದ್ ಸಲ ಮಾಡಿದ್ ಸಹಾಯ ಸಾಕು."

ಚಾಚಾ ಅಲ್ಲೇ ನಿಂತರು. ಎದುರಿನ ದಿನಸಿಯವರು ತೂಕ ಹಾಕುವುದನ್ನು ನಿಲ್ಲಿಸಿದರು.

"ಅಮ್ಮ, ಅವ್ರು ಕರ್ದಿರ್ಲಿಲ್ಲ," ಎಂದೆ.

"ನಿಂಗೇನ್ ಗೊತ್ತು, ಸುಮ್ನಿರು."

"ಎರಡ್ನೇ ಸಲ ಅಪ್ಪನ್ನ ಕಳ್ಸಿದ್ದು ನಾನು. ಸೈನ್ ಎಲ್ಲ ಮೊದ್ಲೇ ಬಂದಿತ್ತು. ತಾರೀಖು ತಪ್ಪಾಗಿತ್ತು ಅಂತ ಬೇರೆ ಪ್ರಿಂಟ್ ತೆಗ್ದು ಕೊಟ್ಟೆ."

"ಯಾವ್ ತಾರೀಖು?"

"ಆದೇಶದ್ದು. ಒಂದ್ ದಿನ ಹಿಂದೆ ಬರ್ದಿದ್ದೆ."

"ಒಂದ್ ದಿನ," ಎಂದಳು.

"ಹೂಂ."

ಅಮ್ಮ ನನ್ನನ್ನು ನೋಡಲಿಲ್ಲ, ಚಾಚಾನನ್ನೂ ನೋಡಲಿಲ್ಲ. ಶಟರಿನ ಕೆಳಗಂಚನ್ನು ನೋಡುತ್ತ, "ಆ ಕಡೆ ಹಿಡ್ಕೊಳಿ ಅಣ್ಣ," ಎಂದಳು. ಚಾಚಾ ಹಳಿಗೆ ಎಣ್ಣೆ ಬಿಟ್ಟು ಹಿಡಿದರು. ಮೇಲೇರಿತು. ನಾನೂ ಕೈ ಹಾಕಲು ಹೋದೆ, ಜಾಗವಿರಲಿಲ್ಲ.

ಆಮೇಲೆ ಅಮ್ಮ ಗಾಜಿನ ಕಪಾಟುಗಳನ್ನು ಒಂದೊಂದಾಗಿ ಒರೆಸಿದಳು. ಮೂರು ತಾಸು ಕಳೆದಿದೆ. ಬೈದಿಲ್ಲ, ಅತ್ತಿಲ್ಲ. ನಾನು ಕೌಂಟರಿನ ಈ ತುದಿಯಲ್ಲಿ ಕುಳಿತು ಬರೆಯುತ್ತಿದ್ದೇನೆ. ಮೊದಲ ಗಿರಾಕಿ ಬಂದು ಹೋದಳು. ಈಗ ಅಮ್ಮ ಒದ್ದೆ ಬಟ್ಟೆಯನ್ನು ಮಡಿಸಿ ಕಪಾಟಿನ ಮೇಲಿಟ್ಟಳು. ಕೈ ಒರೆಸಿಕೊಂಡಳು. ಈ ಕಡೆಗೆ ಬರುತ್ತಿದ್ದಾಳೆ. ಹಂಸಾ, ಎಂದು ಕರೆದಳು. ಪೆನ್ನು ಕೆಳಗಿಡುತ್ತೇನೆ.