ನಾನು ನಿಲ್ಲಿಸಿದ ವಾದ

ಡೊಂಬಿವಲಿ, ಶುಕ್ರವಾರ

ಹಸನಬ್ಬ ಮಾಸ್ತರರಿಗೆ ನಮಸ್ಕಾರ.

ನಾನು ಯಜ್ಞೇಶ್ವರರ ಹೆಂಡತಿ ಮುಕ್ತಾ. ನಲವತ್ತು ವರ್ಷಗಳಿಂದ ನಮ್ಮ ಹೋಟೆಲಿನಲ್ಲಿ ನನ್ನ ಮಾತೇ ಕೊನೆಯದು.

ಪಾಕಿಸ್ತಾನ ಹುಟ್ಟಿದ್ದು ಇಸ್ಲಾಮಿಗಾಗಿ ಎಂದು ನೀವು, ಅಧಿಕಾರಕ್ಕಾಗಿ ಎಂದು ಇವರು, ಪ್ರತಿ ಭಾನುವಾರ ಪುಸ್ತಕ ಹರಡಿಕೊಂಡು ವಾದಿಸುತ್ತಿದ್ದಿರಿ. ಗಿರಾಕಿಗಳು ಮುಖ ಸಿಂಡರಿಸಿದಾಗ, "ಇನ್ನು ಇಲ್ಲಿಗೆ ಬರಬೇಡಿ" ಎಂದವಳು ನಾನು. ನೀವು ಕಾಫಿ ಅರ್ಧಕ್ಕೇ ಬಿಟ್ಟು ಮುಂಬ್ರಾದ ನಿಮ್ಮ ಮನೆಗೆ ಹೊರಟಿರಿ.

ಹಾಸಿಗೆ ಹಿಡಿದ ಮೇಲೆ ಇವರು, "ಮಾಷ್ಟ್ರ ವಾದಕ್ಕೆ ಉತ್ತರ ಸಿಕ್ಕಿದೆ ಮಾರಾಯ್ತಿ, ಒಮ್ಮೆ ಫೋನ್ ಮಾಡು" ಎನ್ನುತ್ತಿದ್ದರು. ನಾನು ಮಾಡಲಿಲ್ಲ. ಮಂಗಳವಾರ ತೀರಿಕೊಂಡರು.

ಆ ಉತ್ತರ ಬರೆದಿಟ್ಟ ನೋಟ್‌ಬುಕ್ ಈ ಪತ್ರದ ಜೊತೆಗಿದೆ. ತಪ್ಪಿದ್ದರೆ ತಿದ್ದಿ.

ಹದಿಮೂರನೇ ದಿನದ ಊಟ ಹೋಟೆಲಿನಲ್ಲೇ. ನೀವು ಬರಬೇಕು. ಇದಕ್ಕೆ ಮಕ್ಕಳ ಒಪ್ಪಿಗೆಯನ್ನು ನಾನು ಕೇಳಿಲ್ಲ. ಕಿಟಕಿ ಪಕ್ಕದ ನಿಮ್ಮ ಮೇಜನ್ನು ಒರೆಸಿ, ಎರಡು ಕುರ್ಚಿ ಹಾಕಿಸಿಯಾಯಿತು.

ಇಂತು,
ಮುಕ್ತಾ ಯಜ್ಞೇಶ್ವರ