ಹಾಡು ಕಲಿಸಿದ ಏಕವಚನ

ಗ್ವಾಂಜು, ದಕ್ಷಿಣ ಕೊರಿಯಾ,
ಚುಸೊಕ್ ಹಬ್ಬದ ಮರುದಿನ

ಅತ್ತೆಯವರಿಗೆ,

ನಿನ್ನೆ ಹಬ್ಬದೂಟದಲ್ಲಿ ದೊಡ್ಡ ಮಾವನವರಿಗೆ ಕಡುಬು ಬಡಿಸುತ್ತಾ ನಾನು, "ನೀನು ಇನ್ನೊಂದು ತಿನ್ನು" ಎಂದೆ. ನೀವು ಎಲ್ಲರೆದುರಿಗೆ, "ವಿಯೆಟ್ನಾಮಲ್ಲಿ ದೊಡ್ಡೋರಿಗೆ ಹಿಂಗೇ ಏಕವಚನದಲ್ಲಿ ಮಾತಾಡ್ತಾರೇನೇ?" ಎಂದಿರಿ.

ಇಲ್ಲ. ನಮ್ಮಲ್ಲಿ ಹಿರಿಯರನ್ನು ಒಬ್ಬೊಬ್ಬರಾಗಿ ಊಟಕ್ಕೆ ಕರೆಯದೆ ತುತ್ತು ಎತ್ತುವುದಿಲ್ಲ.

ನಿಮ್ಮ ಮಗ ಹಡಗಿನ ಕೆಲಸಕ್ಕೆ ಹೋದ ಮೇಲೆ ಈ ಮನೆಯಲ್ಲಿ ನನ್ನೊಡನೆ ಕೂತು ಮಾತಾಡುವವರಿರಲಿಲ್ಲ; ಕಿವಿಗೆ ಬಿದ್ದ ಕೊರಿಯನ್ ಎಂದರೆ ಪಾಪ್ ಹಾಡುಗಳದ್ದೇ. ಅವುಗಳಿಂದಲೇ ಮಾತು ಕಲಿತೆ. ಅಲ್ಲಿ ಪ್ರೀತಿಸಿದವರೆಲ್ಲ ‘ನೀನು’; ‘ನೀವು’ ಎನ್ನುವವರೇ ಇಲ್ಲ.

ದೊಡ್ಡ ಮಾವನವರ ಕ್ಷಮೆ ಕೇಳಿದ್ದೇನೆ. ನಿಮ್ಮ ಕ್ಷಮೆ ಕೇಳುವುದಿಲ್ಲ.

ಫ್ರಿಜ್ಜಿನಲ್ಲಿ ಸಾರಿದೆ, ಬಿಸಿ ಮಾಡಿಕೊಳ್ಳಿ. ಮದುವೆಯಾದಂದಿನಿಂದ ನನ್ನನ್ನು ‘ಲೇ, ಇವಳೇ’ ಎಂದು ಕರೆಯುತ್ತೀರಲ್ಲ, ಅದನ್ನು ನೀವು ಯಾವ ಹಾಡಿನಿಂದ ಕಲಿತಿರಿ?

ಹೆಸರಿರುವ ನಿಮ್ಮ ಸೊಸೆ,
ಯೆನ್